ಬೊಗೊಟಾದಿಂದ ಮನಿಸಾಲೆಸ್‌ಗೆ ಬಸ್ಸಿನಲ್ಲಿ

1988ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಮ್ಮಪ್ಪ ತೂಕ ಹಾಕುವ ಕೆಲಸದಲ್ಲಿದ್ದರು. ಮೂಟೆಯ ಮೇಲಿಂದ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವರ ಜಾಗಕ್ಕೆ ಬೇರೆಯವರು ಬಂದು ಕೂರಬಾರದು ಅಂತ ಎರಡು ತಿಂಗಳ ಮಟ್ಟಿಗೆ ನಾನು ಹೋದೆ. ಅಪ್ಪನ ಕಾಲು ಕೂಡಿಕೊಂಡಿತು, ಅವರು ಕೆಲಸಕ್ಕೆ ವಾಪಸ್ ಬಂದರು. ನಾನು ಮಾತ್ರ ಸ್ಕೂಲಿಗೆ ವಾಪಸ್ ಹೋಗಲಿಲ್ಲ. ಯಾರೂ ಬಲವಂತ ಮಾಡಿದ್ದಲ್ಲ. ನನಗೆ ಅಲ್ಲೇ ಹಿಡಿಸಿತು.

ತೋಟಗಳಿಂದ ಬಂದ ಕಾಫಿಯ ಸಿಪ್ಪೆ ತೆಗೆದು, ಬೀಜ ವಿಂಗಡಿಸಿ, ಮೂಟೆ ಕಟ್ಟಿ ಕಳಿಸುವ ಆ ದೊಡ್ಡ ಶೆಡ್ಡಿನ ಮೂಲೆಯಲ್ಲಿ ಒಂದು ಸಣ್ಣ ಕೋಣೆ ಇತ್ತು. ಅಲ್ಲಿ ಒಬ್ಬರು ಹಿರಿಯರು ಸಾಲಾಗಿ ಇಟ್ಟ ಬಟ್ಟಲುಗಳಿಂದ ಚಮಚದಲ್ಲಿ ಕಾಫಿಯನ್ನು ಸುರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಉಗುಳಿ, ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು. ಆ ಬಟ್ಟಲು ತೊಳೆಯುವ ಕೆಲಸ ನನಗೆ ಬಿತ್ತು. ತೊಳೆಯುವ ಮುಂಚೆ ಒಂದೊಂದರಲ್ಲೂ ಉಳಿದದ್ದನ್ನು ನಾನೂ ಎಳೆದು ನೋಡುತ್ತಿದ್ದೆ. ಕಲಿತದ್ದು ಹೀಗೆ. ನಾಲ್ಕು ವರ್ಷ ಕಳೆಯುವ ಹೊತ್ತಿಗೆ ಆ ಹಿರಿಯರೇ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಹೇಳಪ್ಪ, ಇದ್ರಲ್ಲಿ ಏನು ಕೆಟ್ಟಿದೆ?" ಎಂದು ಕೇಳುತ್ತಿದ್ದರು. ಬೀಜ ಸರಿಯಾಗಿ ಒಣಗಿಲ್ಲವೋ, ಹಣ್ಣು ಹೆಚ್ಚು ಹುಳಿ ಬಂದಿದೆಯೋ, ಒಣಗಿಸುವಾಗ ಹೊಗೆ ಹತ್ತಿದೆಯೋ, ನಾನು ಹೇಳುತ್ತಿದ್ದೆ. ತಪ್ಪಿದ್ದು ಕಡಿಮೆ.

ನನ್ನ ಹೆಂಡತಿ ನರ್ಸ್. ಆ ಕೆಲಸದ ಮೇಲೆ ಅವಳಿಗೆ ಅಮೆರಿಕಕ್ಕೆ ಬರುವ ಅವಕಾಶ ಸಿಕ್ಕಿತು. ಅವಳ ಹಿಂದೆ ನಾನೂ ಮಗಳೂ ಬಂದೆವು. ಡಲ್ಲಾಸ್ ಸುತ್ತಮುತ್ತಲಿನ ಕನ್ನಡದವರು ಮೊದಲ ಸಲ ಸಿಕ್ಕಾಗ ಕೇಳುವುದು "ಯಾವ ಕಂಪನಿ?" ಅಂತ. "ಕಾಫಿ ಹುರೀತೀನಿ" ಎಂದರೆ "ಓ, ನೈಸ್" ಎಂದು ಮಾತು ಬದಲಿಸುತ್ತಾರೆ. ಆಮೇಲೆ ಮನೆಗೆ ಫಿಲ್ಟರ್ ಕಾಫಿ ಪುಡಿ ಬೇಕೆಂದು ಫೋನ್ ಮಾಡುವವರೂ ಅವರೇ.

ನಾನು ಕೆಲಸ ಮಾಡುವ ಜಾಗ ಡಲ್ಲಾಸ್ ಪಕ್ಕದ ಕ್ಯಾರಲ್ಟನ್ನಿನಲ್ಲಿದೆ. ಮಾಲೀಕರು ಬೆಂಗಳೂರಿನವರು, ನನಗಿಂತ ಹದಿಮೂರು ವರ್ಷ ಚಿಕ್ಕವರು. ಹಗಲು ಲಾಸ್ ಕೊಲಿನಾಸ್‌ನ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕೆಲಸ, ಸಂಜೆ ಮತ್ತು ಶನಿವಾರ ಈ ಕಾಫಿ. ನನ್ನನ್ನು ಅಣ್ಣಾ ಎನ್ನುತ್ತಾರೆ. ನಾನು ಅವರಿಗೆ ಸಾರ್ ಎನ್ನುತ್ತೇನೆ. ಹುರಿಯುವ ಯಂತ್ರ, ರುಚಿ ನೋಡುವ ಕೋಣೆ ಎರಡನ್ನೂ ಆರು ವರ್ಷ ನಾನೇ ನೋಡಿಕೊಂಡೆ. ಹೋದ ವರ್ಷ ಒಂದು ಶನಿವಾರ ಅವರು ಸ್ಟೂಲ್ ಎಳೆದುಕೊಂಡು ನನ್ನ ಎದುರು ಕೂತರು.

"ಅಣ್ಣಾ, ಬೇಜಾರು ಮಾಡ್ಕೋಬೇಡಿ. ಆಸ್ಟಿನ್ ಅಂಗಡಿಯವ್ರು ದೊಡ್ಡ ಆರ್ಡರ್ ಕೊಡ್ತೀವಿ ಅಂತಿದಾರೆ. ಆದ್ರೆ ನಿಮ್ಮ ಟೇಸ್ಟರ್ ಯಾರು, ಸರ್ಟಿಫಿಕೇಟ್ ಇದೆಯಾ ಅಂತ ಕೇಳ್ತಾರೆ. ನಾನೇನು ತೋರಿಸ್ಲಿ?"

"ನನ್ನ ನಾಲಿಗೆ ತೋರ್ಸಿ ಸಾರ್."

ಅವರು ನಕ್ಕರು. ನಾನು ನಗಲಿಲ್ಲ. ಅವರೂ ನಗು ನಿಲ್ಲಿಸಿ ಹೇಳಿದರು: "ಒಂದು ಕೆಲ್ಸ ಮಾಡಿ. ಈ ಸಲ ಕೊಲಂಬಿಯಾಕ್ಕೆ ನೀವೇ ಹೋಗಿ ಕಾಫಿ ಆರಿಸ್ಕೊಂಡು ಬನ್ನಿ. ನೀವು ತಂದಿದ್ದು ಅವ್ರಿಗೆ ಹಿಡಿಸಿದ್ರೆ ಟೇಸ್ಟಿಂಗ್ ರೂಮ್ ನಿಮ್ದೇ, ಯಾರೂ ಕೇಳೋ ಹಾಗಿಲ್ಲ. ಇಲ್ಲಾಂದ್ರೆ ಸರ್ಟಿಫಿಕೇಟ್ ಇರೋರನ್ನ ಒಬ್ರನ್ನ ತಗೋತೀನಿ. ನೀವು ಮೆಷಿನ್ ನೋಡ್ಕೊಳ್ಳಿ."

"ಆಯ್ತು ಸಾರ್" ಎಂದೆ. ಮನೆಗೆ ಹೋಗುವ ದಾರಿಯಲ್ಲಿ ಮಾತ್ರ, ಐವತ್ತು ದಾಟಿದವನನ್ನು ಎಂಟನೇ ಕ್ಲಾಸಿನ ಉಳಿದರ್ಧ ಪರೀಕ್ಷೆಗೆ ಕೂರಿಸುತ್ತಿದ್ದಾರಲ್ಲ ಎಂದು ಸಿಟ್ಟು ಬಂತು.

ಹೊರಡುವ ಹಿಂದಿನ ದಿನ ಹೆಂಡತಿ ಬ್ಯಾಗು ತುಂಬುತ್ತಿದ್ದಳು. ಕೈಯಲ್ಲಿ ನೋವಿನ ಮುಲಾಮಿನ ಪುಟ್ಟ ಬಾಟಲಿ.

"ಅದು ಬೇಡ ಕಣೇ. ಕಾಫಿ ರುಚಿ ನೋಡೋಕೆ ಹೋಗ್ತಿರೋನು ನಾನು. ಒಂದು ಸಲ ಹಚ್ಚಿದ್ರೆ ಎರಡು ದಿನ ಮೂಗಲ್ಲಿರುತ್ತೆ."

"ತಲೆನೋವು ಬಂದ್ರೆ ಅಲ್ಲಿಂದ ಫೋನ್ ಮಾಡಿ ನನ್ನ ಪ್ರಾಣ ತಿಂತೀರಲ್ಲ, ಅದಕ್ಕೇ."

"ತಿನ್ನಲ್ಲ. ತೆಗಿ."

ತೆಗೆದಳು. ನಾನು ಸ್ನಾನಕ್ಕೆ ಹೋದಾಗ ಮತ್ತೆ ಇಟ್ಟಳು. ಇಪ್ಪತ್ತೈದು ವರ್ಷದಿಂದ ಬ್ಯಾಗು ತುಂಬುವುದು ಹೀಗೇ.

ಹ್ಯೂಸ್ಟನ್ನಿನ ಒಂದು ಅಂಗಡಿಗೆ ಪುಡಿಯ ಸ್ಯಾಂಪಲ್ ತಲುಪಿಸಬೇಕಿತ್ತು, ಅದಕ್ಕೆ ಮಾಲೀಕರು ವಿಮಾನದ ಟಿಕೆಟ್ ಅಲ್ಲಿಂದಲೇ ಮಾಡಿಸಿದ್ದರು. ಡಲ್ಲಾಸಿನಿಂದ ಬೆಳಗಿನ ಬಸ್ಸು ಹಿಡಿದೆ. ಐದು ಗಂಟೆ ಒಂದೇ ನೇರ ರಸ್ತೆ, ಕಿಟಕಿಯಲ್ಲಿ ಒಂದೇ ಥರದ ಹುಲ್ಲು. ಆಸ್ಟಿನ್ನಿನಲ್ಲಿ ಓದುತ್ತಿರುವ ಮಗಳು ಫೋನ್ ಮಾಡಿದಳು.

"ಅಪ್ಪ, ಆರ್ ಯು ಗೋಯಿಂಗ್ ಟು ಕೊಲಂಬಿಯಾ ಬೈ ಬಸ್?"

"ಹ್ಯೂಸ್ಟನ್‌ವರೆಗೆ ಬಸ್ ಕಣಮ್ಮ. ಆಮೇಲೆ ವಿಮಾನ."

"ಓಕೆ, ಗುಡ್. ಸ್ಲೀಪ್ ಆನ್ ದ ಪ್ಲೇನ್."

ನಿದ್ದೆ ಬರಲಿಲ್ಲ. ರಾತ್ರಿ ಬೊಗೊಟಾದಲ್ಲಿ ಇಳಿದಾಗ ಮೊಣಕಾಲು ಎರಡೂ ಮರದ ತುಂಡಿನಂತಾಗಿದ್ದವು. ಮರುದಿನ ಬೆಳಿಗ್ಗೆ ಮನಿಸಾಲೆಸ್‌ಗೆ ಸಣ್ಣ ವಿಮಾನ ಇತ್ತು, ಒಂದು ಗಂಟೆಯೊಳಗಿನ ದಾರಿ. ಅಲ್ಲಿಂದ ಹತ್ತಿರದಲ್ಲೇ ನಾನು ಹೋಗಬೇಕಾದ ಕಾಫಿ ಮಿಲ್. ಅದರ ಮರುದಿನ ಎಂಟು ಗಂಟೆಗೆ ರುಚಿ ನೋಡುವುದು. ಎಂಟು ತೋಟದ ಎಂಟು ಕಾಫಿ ಇಟ್ಟಿರುತ್ತಾರೆ. ಮಧ್ಯಾಹ್ನದೊಳಗೆ ನಮಗೆ ಯಾವುದು ಬೇಕೆಂದು ಹೇಳಬೇಕು, ಮಧ್ಯಾಹ್ನದ ಮೇಲೆ ಬೇರೆ ದೇಶದ ವ್ಯಾಪಾರಿಗಳು ಬರುತ್ತಾರೆ.

ಬೆಳಿಗ್ಗೆ ಏರ್‌ಪೋರ್ಟಿನಲ್ಲಿ ಎರಡು ಗಂಟೆ ಕೂರಿಸಿ ವಿಮಾನ ರದ್ದು ಎಂದರು. ಬೆಟ್ಟದ ನೆತ್ತಿಯ ಮೇಲಿನ ಊರು ಅದು, ಮಂಜು ಮುಚ್ಚಿದರೆ ಯಾರೂ ಇಳಿಸುವುದಿಲ್ಲವಂತೆ. ಮುಂದಿನ ಸೀಟು ನಾಳೆ ಮಧ್ಯಾಹ್ನ. ಮಾಲೀಕರಿಗೆ ಫೋನ್ ಮಾಡಿದೆ.

"ಅಲ್ಲೇ ಇರಿ ಅಣ್ಣಾ. ಮಿಲ್‌ಗೆ ಮೇಲ್ ಹಾಕ್ತೀನಿ, ಒಂದು ದಿನ ಮುಂದಕ್ಕೆ ಹಾಕ್ತಾರಾ ಕೇಳೋಣ."

"ಬೇಡ ಸಾರ್. ಮೊದಲ್ನೇ ಸಲಾನೇ ಕೈ ಮುಗಿದು ಕೇಳೋ ಹಾಗಾಗುತ್ತೆ. ಬಸ್ಸಿದೆ, ಹೋಗ್ತೀನಿ."

"ಒಂಬತ್ತು ಗಂಟೆ ಜರ್ನಿ ಅಣ್ಣಾ ಅದು."

"ನಾನು ನೋಡದೇ ಇರೋ ಘಾಟೇನಲ್ಲ ಬಿಡಿ ಸಾರ್."

ಈ ಮಾತು ಹೇಳಿದ್ದು ನಾನೇ. ಮರೆತಿಲ್ಲ.

ಬಸ್ಸು ಹತ್ತು ಗಂಟೆಗೆ ಹೊರಟಿತು. ನನ್ನ ಪಕ್ಕದ ಸೀಟಿಗೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು ಬಂದು ಕೂತರು. ತೊಡೆಯ ಮೇಲೆ ಹೊಸ ಪ್ರೆಷರ್ ಕುಕ್ಕರಿನ ಡಬ್ಬ. ಕಂಡಕ್ಟರ್ ಅದನ್ನು ಕೆಳಗೆ ಡಿಕ್ಕಿಯಲ್ಲಿ ಹಾಕುತ್ತೇನೆಂದು ಬಂದರೆ, ಹೋದ ಸಲ ನೀನೇ ಅಲ್ವಾ ನಜ್ಜುಗುಜ್ಜು ಮಾಡಿಕೊಟ್ಟವನು ಎಂದು ಗದರಿ ಕಳಿಸಿದರು. ಕ್ಯಾರಲ್ಟನ್ನಿನಲ್ಲಿ ನನ್ನ ಜೊತೆ ಮೂಟೆ ಎತ್ತುವವರೆಲ್ಲ ಸ್ಪ್ಯಾನಿಷ್ ಮಾತಾಡುವವರು. ಆರು ವರ್ಷದಲ್ಲಿ ಅವರ ಮಾತು ನನಗೂ ಅಷ್ಟಿಷ್ಟು ಬಂದಿದೆ. ಪೆಟ್ಟಿಗೆ ಇಳಿಸಿ, ಮೂಟೆ ಎತ್ತು ಎನ್ನುವ ಮಾತು ಚೆನ್ನಾಗಿ ಬರುತ್ತದೆ, ಕುಶಲ ಕೇಳುವುದು ಸ್ವಲ್ಪ ಕಷ್ಟ. ಆಕೆಗೆ ಅದೇನೂ ಅಡ್ಡಿಯಾಗಲಿಲ್ಲ.

"ಎಲ್ಲಿಂದ ಬಂದೆ?"

"ಟೆಕ್ಸಾಸ್."

"ಮುಖ ನೋಡಿದ್ರೆ ಹಾಗನ್ನಿಸಲ್ಲ."

"ಅದಕ್ಕೂ ಮುಂಚೆ ಇಂಡಿಯಾ."

"ಅಷ್ಟು ದೂರದಿಂದ ನಮ್ಮ ಕಾಫಿ ಕುಡಿಯೋಕೆ ಬಂದ್ಯಾ?"

"ಕುಡಿಯಲ್ಲಮ್ಮ, ಉಗುಳ್ತೀನಿ. ಅದೇ ನನ್ನ ಕೆಲಸ."

ಆಕೆ ಕುಕ್ಕರಿನ ಡಬ್ಬದ ಮೇಲೆ ಕೈ ಬಡಿದು ನಕ್ಕರು. "ಒಳ್ಳೇದನ್ನೆಲ್ಲ ನಿಮ್ಮೂರಿಗೆ ಕಳಿಸಿ, ಉಳಿದ ಕರಿಕಲು ನಾವು ಕುಡಿಯೋದು. ನೀನು ನೋಡಿದ್ರೆ ಆ ಒಳ್ಳೇದನ್ನ ಉಗುಳ್ತೀಯಾ!"

ನಮ್ಮಲ್ಲೂ ಅದೇ. ಹಾಸನದ ಶೆಡ್ಡಿನಲ್ಲಿ ದಪ್ಪ ಬೀಜವೆಲ್ಲ ಹಡಗಿಗೆ. ಒಡೆದದ್ದು, ಚೂರು, ಕಪ್ಪಾದದ್ದು ಊರಿನ ಅಂಗಡಿಗೆ, ಅದಕ್ಕೆ ಚಿಕೋರಿ ಬೆರೆಸಿ ನಮ್ಮ ಮನೆಗೆ. ಇದನ್ನು ಹೇಳುವಷ್ಟು ಸ್ಪ್ಯಾನಿಷ್ ನನ್ನಲ್ಲಿರಲಿಲ್ಲ. "ನಮ್ಮಲ್ಲೂ ಹಾಗೇ" ಎಂದಷ್ಟೇ ಹೇಳಿದೆ.

ಬಸ್ಸು ಇಳಿಯತೊಡಗಿತು. ಬೊಗೊಟಾದಲ್ಲಿ ಸ್ವೆಟರ್ ಹಾಕಿದ್ದವನು ಮೂರು ಗಂಟೆಯಲ್ಲಿ ಅಂಗಿಯ ಗುಂಡಿ ಬಿಚ್ಚಿದೆ. ದಾರಿಯಲ್ಲಿ ಒಂದು ಕಡೆ ಕಬ್ಬಿನ ಗದ್ದೆ, ಆಲೆಮನೆಯ ಹೊಗೆ, ಕಾಯುವ ಬೆಲ್ಲದ ವಾಸನೆ. ಮೂಗು ಸರಿಯಾಗಿದೆ ಎಂದು ಒಳಗೊಳಗೇ ಹಿಗ್ಗಿದೆ. ಒಂದು ದೊಡ್ಡ ಹೊಳೆ ದಾಟಿದ ಮೇಲೆ ಊಟಕ್ಕೆ ನಿಲ್ಲಿಸಿದರು. ಅನ್ನ, ಹುರುಳಿಯ ಹಾಗೆ ಕಾಣುವ ಕೆಂಪು ಕಾಳು, ಕರಿದ ಬಾಳೆಕಾಯಿ. ನಾಳೆಯ ನೆನಪಿಟ್ಟುಕೊಂಡು ಈರುಳ್ಳಿ ಮುಟ್ಟಲಿಲ್ಲ, ಖಾರ ಮುಟ್ಟಲಿಲ್ಲ.

ಊಟವಾದ ಮೇಲೆ ಏರು. ಬಿಸಿಲೂರಿನಿಂದ ಮೋಡದೊಳಕ್ಕೆ ಹತ್ತುವ ದಾರಿ ಅದು. ನಾನು ಕಂಡ ಘಾಟಿಗಳನ್ನು ಮೂರು ಸಲ ಒಂದರ ಮೇಲೊಂದು ಇಟ್ಟರೂ ಸಾಲದು. ಡ್ರೈವರ್ ತಿರುವು ತಿರುವಿಗೂ ಹಾರ್ನ್ ಹೊಡೆಯುತ್ತ ಲಾರಿಗಳನ್ನು ಹಿಂದೆ ಹಾಕುತ್ತಿದ್ದ. ಹಿಂದಿನ ಸೀಟುಗಳಲ್ಲಿ ವಾಂತಿ ಶುರುವಾಯಿತು. ನಾಲ್ಕೂವರೆ ಹೊತ್ತಿಗೆ ಮೇಲೆ, ಇನ್ನೇನು ನೆತ್ತಿ ತಲುಪಬೇಕು ಎನ್ನುವಲ್ಲಿ, ಗುಡ್ಡ ಕುಸಿದು ಅರ್ಧ ರಸ್ತೆ ಮುಚ್ಚಿತ್ತು. ಒಂದೊಂದು ಕಡೆಯ ಗಾಡಿಗಳನ್ನೇ ಬಿಡುತ್ತಿದ್ದರು. ನಮ್ಮ ಸರದಿ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

ಕಿಟಕಿ ತೆರೆದರೆ ಕೊರೆಯುವ ಚಳಿ, ಮುಚ್ಚಿದರೆ ವಾಂತಿಯ ವಾಸನೆ. ತಲೆಯ ಎರಡೂ ಬದಿಯಲ್ಲಿ ಯಾರೋ ಮೊಳೆ ಹೊಡೆಯುತ್ತಿರುವ ಹಾಗಿತ್ತು. ಅಷ್ಟು ಎತ್ತರದಲ್ಲಿ ಉಸಿರೂ ಅರ್ಧಕ್ಕೇ ನಿಲ್ಲುತ್ತದೆ. ಪಕ್ಕದ ಆಕೆ ಮಾತು ಬಿಟ್ಟಿದ್ದರು. ಮುಖ ಬಿಳಿಚಿ, ಕುಕ್ಕರಿನ ಡಬ್ಬವನ್ನು ತಬ್ಬಿಕೊಂಡು, ಬಾಯಿಗೆ ಕರವಸ್ತ್ರ ಒತ್ತಿಕೊಂಡಿದ್ದರು. ನೀರಿನ ಬಾಟಲಿ ತೆಗೆಯೋಣವೆಂದು ಬ್ಯಾಗಿಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ಮುಲಾಮು.

ಕೊಡದೇ ಇರುವುದು ಹೇಗೆ? ನಮ್ಮ ಕಡೆ ಬಸ್ಸಿನಲ್ಲಿ ಯಾರಿಗಾದರೂ ತಲೆ ಸುತ್ತಿದರೆ ಮೂರು ಸೀಟಿನಿಂದ ಮೂರು ಬಾಟಲಿ ಬರುತ್ತವೆ. ಮುಚ್ಚಳ ಬಿಚ್ಚಿ ಕೊಟ್ಟೆ. ನಾನು ಮುಖ ಆಚೆ ತಿರುಗಿಸಿ ಉಸಿರು ಬಿಗಿಹಿಡಿದೆ. ಆಕೆ ಮೂಸಿ ನೋಡಿ, ಹಣೆಗೆ ಬಳಿದುಕೊಂಡು, ಕತ್ತಿಗೆ ಬಳಿದುಕೊಂಡು, ಕಣ್ಣು ಮುಚ್ಚಿ ದೀರ್ಘ ಉಸಿರೆಳೆದರು. ಐದು ನಿಮಿಷದಲ್ಲಿ ಮುಖಕ್ಕೆ ಬಣ್ಣ ಬಂತು. ಕಣ್ಣು ತೆರೆದು ನನ್ನನ್ನು ನೋಡಿದರು.

"ನಿನ್ನ ಮುಖ ನೋಡ್ಕೊಂಡಿದೀಯಾ ಮಗಾ? ನನಗಿಂತ ಕಡೆಯಾಗಿದೆ."

ಬೇಡ ಎನ್ನುವಷ್ಟರಲ್ಲಿ ಆಕೆಯ ಅಂಗೈ ನನ್ನ ಹಣೆಯ ಮೇಲಿತ್ತು. ಉಜ್ಜಿದರು. ಕಿವಿಯ ಹಿಂದೆ ಉಜ್ಜಿದರು. ಆಮೇಲೆ ಬೆರಳ ತುದಿಯಲ್ಲಿ ಇನ್ನಷ್ಟು ತೆಗೆದುಕೊಂಡು ನನ್ನ ಮೂಗಿನ ಕೆಳಗೆ, ಎರಡೂ ಹೊಳ್ಳೆಗೆ ತಾಗುವ ಹಾಗೆ ಹಚ್ಚಿದರು. ಕೈ ಹಿಡಿದು ತಡೆಯಬಹುದಿತ್ತು. ನಾನು ಕತ್ತು ಬಗ್ಗಿಸಿ ಕೂತಿದ್ದೆ. ಎರಡು ದಿನದಿಂದ ಕೂತು ಕೂತು ಸೋತಿದ್ದೆ, ನನ್ನ ಹಣೆಯ ಮೇಲೆ ಯಾರಾದರೂ ಕೈ ಇಟ್ಟು ಎಷ್ಟೋ ವರ್ಷವಾಗಿತ್ತು. ನಿಜ ಹೇಳಬೇಕೆಂದರೆ ಹಾಯೆನಿಸಿತು. ನಿದ್ದೆ ಹೋದೆ. ಎಚ್ಚರವಾದಾಗ ಬಸ್ಸು ಇಳಿಜಾರಿನಲ್ಲಿತ್ತು, ಆಕೆಯ ತಲೆ ನನ್ನ ಭುಜದ ಮೇಲಿತ್ತು, ಕೆಳಗೆ ಮನಿಸಾಲೆಸ್ಸಿನ ದೀಪಗಳು ಕಾಣುತ್ತಿದ್ದವು.

ಬೆಳಿಗ್ಗೆ ಲಾಡ್ಜಿನಲ್ಲಿ ಎದ್ದು ಮೊದಲು ಸೋಪು ಮೂಸಿದೆ. ಸೋಪಿಗೆ ವಾಸನೆಯಿರಲಿಲ್ಲ. ಎಲ್ಲದಕ್ಕೂ ಕರ್ಪೂರದ ಒಂದೇ ವಾಸನೆ. ಮೂಗು ತಿಕ್ಕಿ ತೊಳೆದೆ, ನಿಂಬೆಹಣ್ಣು ಕೇಳಿ ಉಜ್ಜಿಕೊಂಡೆ, ಉಪ್ಪುನೀರು ಎಳೆದು ಬಿಟ್ಟೆ. ಬಾಟಲಿಯ ಮುಚ್ಚಳ ಸರಿಯಾಗಿ ಮುಚ್ಚದೆ ಬ್ಯಾಗಿಗೆ ಹಾಕಿದ್ದೆ. ಬೇರೆ ಅಂಗಿಗೂ ಅದೇ ವಾಸನೆ.

ಮಿಲ್ಲಿನ ಮುಖ್ಯ ಟೇಸ್ಟರ್ ನನ್ನದೇ ವಯಸ್ಸಿನ ಒಬ್ಬ ಹೆಂಗಸು. ಕೂದಲು ಬಿಗಿಯಾಗಿ ಕಟ್ಟಿ, ಉಗುರಿಗೆ ಬಣ್ಣವಿಲ್ಲದೆ, ಮೈಗೆ ಯಾವ ಪರಿಮಳವೂ ಇಲ್ಲದೆ ಬಾಗಿಲಲ್ಲಿ ನಿಂತಿದ್ದರು. ನಾನು ಮೂರು ಹೆಜ್ಜೆ ದೂರ ಇರುವಾಗಲೇ ಕೈ ಎತ್ತಿ ನಿಲ್ಲಿಸಿದರು.

"ಮೈಗೆ ಏನು ಹಚ್ಚಿದೀರಿ?"

ಹೇಳಿದೆ. ಬಸ್ಸು, ಚಳಿ, ಎಲ್ಲ. ಆಕೆ ಕೆಲಸದ ಕೋಟು ತರಿಸಿ ನನ್ನ ಅಂಗಿ ಬಿಚ್ಚಿಸಿ ತೊಡಿಸಿದರು. ಮತ್ತೊಮ್ಮೆ ತೊಳೆದುಕೊಂಡು ಒಳಗೆ ಹೋದೆ. ಬಟ್ಟಲುಗಳು ಸಾಲಾಗಿದ್ದವು. ಚಮಚ ಎತ್ತಿ ಎಳೆದೆ. ಹುಳಿ ಇದೆ, ಸಿಹಿ ಇದೆ, ಕಹಿ ಇದೆ ಎಂದು ನಾಲಿಗೆ ಹೇಳಿತು. ಅಷ್ಟೇ. ಅದರಾಚೆಗಿನದನ್ನು ಮೂಗು ಹೇಳಬೇಕು. ಎಂಟು ಬಟ್ಟಲೂ ಒಂದೇ ಆಗಿದ್ದವು.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದರು. "ಏನೂ ಸಿಗ್ತಿಲ್ಲ ಅಲ್ವಾ?"

"ಸಿಗ್ತಾ ಇದೆ" ಎಂದೆ.

ಆಕೆ ಹತ್ತಿರ ಬಂದು, ಬೇರೆಯವರಿಗೆ ಕೇಳಿಸದ ಹಾಗೆ ಹೇಳಿದರು: "ಇದು ನಮ್ಮೆಲ್ಲರಿಗೂ ಆಗುತ್ತೆ. ನೆಗಡಿ ಬಂದ ದಿನ ನಾನು ರಜೆ ಹಾಕ್ತೀನಿ. ನಿಮ್ಮ ಅಂಗಡಿಯವರಿಗೆ ಎಂಥದ್ದು ಬೇಕು ಹೇಳಿ, ನಾನು ಆರಿಸಿಕೊಡ್ತೀನಿ. ಕಾಗದದಲ್ಲಿ ನಿಮ್ಮ ಹೆಸರೇ ಇರಲಿ."

ಈಗ ಯೋಚಿಸಿದರೆ ಅಷ್ಟು ಮರ್ಯಾದೆಯ ಮಾತನ್ನು ಈ ಕೆಲಸದಲ್ಲಿ ನನ್ನ ಹತ್ತಿರ ಇನ್ಯಾರೂ ಆಡಿಲ್ಲ. ಆಗ ನನಗೆ ಕೇಳಿಸಿದ್ದು, ಇವನ ಕೈಲಾಗುವುದಿಲ್ಲ ಎಂದು. "ಬೇಡ. ನನಗೆ ಹಸಿ ಬೀಜ ತೋರ್ಸಿ" ಎಂದೆ.

ತೋರಿಸಿದರು. ಹಾಸನದಲ್ಲಿ ಕಲಿತ ಉಳಿದದ್ದೆಲ್ಲ ತೆಗೆದೆ. ಬೊಗಸೆ ತುಂಬ ಎತ್ತಿ ಮೇಲಿಂದ ಸುರಿದು ಸದ್ದು ಕೇಳಿದೆ. ಹಲ್ಲಿನಲ್ಲಿ ಕಚ್ಚಿ ಎಷ್ಟು ಒಣಗಿದೆ ನೋಡಿದೆ. ಬಣ್ಣ, ಗಾತ್ರ, ಹುಳುಕು, ಒಡಕು. ಐದನೆಯದರಲ್ಲಿ ಬೆರಳಿಟ್ಟು ತೋರಿಸುವಂಥ ಒಂದು ತಪ್ಪೂ ಇರಲಿಲ್ಲ. "ಐದು" ಎಂದೆ. ಆಕೆ ಬರೆದುಕೊಂಡರು.

ಮಾಲೀಕರಿಗೆ ಫೋನ್ ಮಾಡಿ, "ಆರಿಸಿದೀನಿ ಸಾರ್, ಐದನೇದು" ಎಂದೆ. "ಹೇಗಿದೆ ಅಣ್ಣಾ?" ಎಂದರು. "ಚೊಕ್ಕವಾಗಿದೆ" ಎಂದೆ. ಸುಳ್ಳಲ್ಲ.

ಹತ್ತು ವಾರದ ಮೇಲೆ ಮೂಟೆಗಳು ಹ್ಯೂಸ್ಟನ್ ಬಂದರಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಕ್ಯಾರಲ್ಟನ್‌ಗೆ ಬಂದವು. ಹುರಿದೆ, ಬಟ್ಟಲಿಗೆ ಹಾಕಿದೆ, ಎಳೆದೆ. ಈಗ ಮೂಗು ಚೆನ್ನಾಗಿತ್ತು. ತಪ್ಪಿಲ್ಲದ ಕಾಫಿ. ಕುಡಿದು ಲೋಟ ಕೆಳಗಿಟ್ಟ ಮೇಲೆ ನೆನಪಿನಲ್ಲಿ ಏನೂ ಉಳಿಯದ ಕಾಫಿ. ಆಸ್ಟಿನ್ನಿನವರು ಕುಡಿದು, ಇಂಥದ್ದು ನಮ್ಮಲ್ಲಿ ಈಗಾಗಲೇ ಎರಡಿವೆ ಎಂದರಂತೆ.

ಮಾಲೀಕರು ಸ್ಟೂಲ್ ಎಳೆದುಕೊಂಡು ಕೂತಾಗ, ಅವರು ಬಾಯಿ ತೆರೆಯುವ ಮುಂಚೆ ನಾನೇ ಎಲ್ಲ ಹೇಳಿದೆ. ಮುಲಾಮಿನ ಮಾತಿಗೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಲ್ಲಿನ ಆಕೆ ಆರಿಸಿಕೊಡುತ್ತೇನೆ ಎಂದದ್ದು ಹೇಳಿದಾಗ ನಗು ನಿಂತಿತು.

"ಹೂಂ ಅನ್ಬಾರ್ದಿತ್ತಾ ಅಣ್ಣಾ?"

"ನನ್ನನ್ನ ಕಳಿಸಿದ್ದು ನಾನು ಆರಿಸ್ಲಿ ಅಂತ ಅಲ್ವಾ ಸಾರ್."

"ನಿಮ್ಮನ್ನ ಕಳಿಸಿದ್ದು ಒಳ್ಳೇ ಕಾಫಿ ಬರ್ಲಿ ಅಂತ. ಹೋಗ್ಲಿ, ನನಗೊಂದು ಫೋನ್? 'ಸಾರ್, ಮೂಗು ಕೆಟ್ಟಿದೆ' ಅಂತ? ಆಕೇನೇ ಕೇಳಿ ಅಂತಿದ್ದೆ. ರೂಮ್ ನಿಮ್ಮದೇ ಆಗ್ತಿತ್ತು."

ಯಂತ್ರ ಬಿಸಿಯಾಗಿತ್ತು, ಎದ್ದು ಹೋಗಿ ಮುಂದಿನ ಸುತ್ತಿನ ಬೀಜ ಸುರಿದೆ.

ಮನೆಯಲ್ಲಿ ಹೆಂಡತಿ, "ಬೇಡ ಅಂದಿದ್ರಿ, ನಾನೇ ಇಟ್ಟೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. "ನಿಂದೇನೂ ಇಲ್ಲ ಸುಮ್ನಿರು" ಎಂದೆ. ಅದು ನಿಜವೇ. ಆ ಎರಡು ಊರಿನ ನಡುವೆ ವಿಮಾನ ಹಾರದ ದಿನ ಕಾಯಲು ನಾನು ಒಪ್ಪಲಿಲ್ಲ. ತಲುಪಿದ ಮೇಲೆ ಸೋತಿದ್ದೇನೆ ಎನ್ನಲು ಒಪ್ಪಲಿಲ್ಲ. ಎರಡನ್ನೂ ಯಾರೂ ನನ್ನ ಬ್ಯಾಗಿನಲ್ಲಿ ಇಟ್ಟು ಕಳಿಸಿರಲಿಲ್ಲ.

ಹೊಸ ಟೇಸ್ಟರ್ ಜನವರಿಯಲ್ಲಿ ಬಂದಳು. ಒಳ್ಳೆಯ ಹೆಣ್ಣುಮಗಳು, ಕೆಲಸ ಗೊತ್ತಿದೆ. ಒಮ್ಮೊಮ್ಮೆ ಬಾಗಿಲು ತೆರೆದು, "ಅಂಕಲ್, ಇದನ್ನೊಂಚೂರು ನೋಡ್ತೀರಾ?" ಎಂದು ಕರೆಯುತ್ತಾಳೆ. ಹೋಗಿ ನೋಡಿ, ಅನ್ನಿಸಿದ್ದು ಹೇಳಿ ಬರುತ್ತೇನೆ. ಬರೆದುಕೊಳ್ಳುವುದು ಅವಳು. ಮೊದಲ ತಿಂಗಳು ಅದು ಕಷ್ಟವಾಯಿತು.

ಈಗ ನನ್ನಲ್ಲಿರುವುದು ಇಷ್ಟು. ಹದಿನೈದು ಕಿಲೋ ಹಿಡಿಯುವ ಹುರಿಯುವ ಯಂತ್ರ ಒಂದು, ಅದೂ ಮಾಲೀಕರದು. ವಾರಕ್ಕೆ ಐದು ದಿನದ ಕೆಲಸ. ಎರಡು ಕೋಣೆಯ ಬಾಡಿಗೆ ಮನೆ. ಹಳೆಯದೊಂದು ಕಾರು. ಆಸ್ಟಿನ್ನಿನಲ್ಲಿ ಓದು ಮುಗಿಸಲು ಇನ್ನೊಂದು ವರ್ಷ ಬಾಕಿಯಿರುವ ಒಬ್ಬಳು ಮಗಳು. ವಾರಕ್ಕೆ ಮೂರು ರಾತ್ರಿ ಡ್ಯೂಟಿ ಮಾಡುವ ಒಬ್ಬಳು ಹೆಂಡತಿ. ನೋಯುವ ಮೊಣಕಾಲು ಎರಡು. ಮೂಗು ಒಂದು, ನಾಲಿಗೆ ಒಂದು, ಎರಡೂ ಚೆನ್ನಾಗಿವೆ.